ಒಂದೇ ತೊಂದರೆಯ ಪಟ್ಟಿ

ಮನಃಶಾಸ್ತ್ರ, ಕಂಪ್ಯೂಟರ್, ವೈದ್ಯಕೀಯ, ಮೂರೂ ವಿದ್ಯೆ ಒಬ್ಬರಲ್ಲೇ ಎಂದು ಯಾರಾದರೂ ಹೊಗಳಿದರೆ ನನಗೆ ಮೈ ಉರಿಯುತ್ತದೆ. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂದು ನಮ್ಮ ಕಾಕಾ ಬೈಯುತ್ತಿದ್ದುದೇ ವಾಸಿ.

ಡಿಗ್ರಿಯಲ್ಲಿ ಮನಃಶಾಸ್ತ್ರ ಓದಿ, ಕೆಲಸ ಸಿಗದೆ ಕೋಡಿಂಗ್ ಕಲಿತು, ಬೆಳಗಾವಿಯ ಸಣ್ಣ ಕಂಪನಿಯೊಂದರಲ್ಲಿ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದೆ. ಡಾಕ್ಟರರ ನಡುವೆ ಓಡಾಡಿ ಇಪ್ಪತ್ತೆಂಟಕ್ಕೆ ಮೆಡಿಕಲ್ ಸೇರುವ ಹುಚ್ಚು ಹತ್ತಿತು. ಈಗ ಖಾನಾಪುರದ ಆಸ್ಪತ್ರೆಯೊಂದರಲ್ಲಿ ಡಾಕ್ಟರ್ ಆಗಿದ್ದೇನೆ.

ಹೋದ ವರ್ಷ ದೇಸೂರಿನ ಹೆಂಗಸೊಬ್ಬರು ಗಂಡನ ಜೊತೆ ಬಂದರು. ಹದಿನೈದು ದಿನದಲ್ಲಿ ಅದು ಮೂರನೇ ಸಲ. ಹಿಂದಿನ ಎರಡೂ ಕೇಸ್ ಪೇಪರಿನಲ್ಲಿ ಕೈನೋವು ಎಂದಿತ್ತು; ಎರಡು ಸಲವೂ ನಾನೇ ನೋವಿನ ಗುಳಿಗೆ ಕೊಟ್ಟು ಕಳಿಸಿದ್ದೆ. ಆವತ್ತು ಮೆಟ್ಟಿಲು ಹತ್ತುವಷ್ಟರಲ್ಲಿ ಆಕೆ ಬೆವತು ಕುಸಿದರು. ಇಸಿಜಿ ತೆಗೆಸಿದೆ. ಹೃದಯಾಘಾತ. ಮಾಡಬೇಕಾದ್ದನ್ನು ಮಾಡಿ, ಆಂಬ್ಯುಲೆನ್ಸಿನಲ್ಲಿ ಬೆಳಗಾವಿಯ ನೆಹರು ನಗರದ ದೊಡ್ಡಾಸ್ಪತ್ರೆಗೆ ಕಳಿಸಿದೆ.

ಆಮೇಲೆ, ಬರೀ ಕೈನೋವು ಎಂದು ಬರೆದದ್ದೇಕೆ ಎಂದು, ಕೌಂಟರಿನಲ್ಲಿ ಕೇಸ್ ಪೇಪರ್ ಮಾಡುವ ಹುಡುಗಿಯ ಮೇಲೆ ಹರಿಹಾಯ್ದೆ. ಆಕೆ ಅಳಲಿಲ್ಲ. ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದಳು.

"ದವಡಿ ನೋವು, ದಮ್ಮು, ಎಲ್ಲಾ ಹೇಳಿದ್ರು ಡಾಕ್ಟರ್ ಬಾಯಾರ. ಇದು ಒಂದ ತೊಂದ್ರಿ ತಗೋತೈತಿ. ಮೊದ್ಲ ಹೇಳಿದ್ದು ಒತ್ತೇನಿ."

ಆ ಪರದೆ, ಹಿಂದೆ ಕಂಪನಿಯಲ್ಲಿದ್ದಾಗ, ನಾನೇ ಬರೆದದ್ದು. ಈ ಆಸ್ಪತ್ರೆಗೆ ಸೇರಿದ ದಿನವೇ ಅದು ನನ್ನದೆಂದು ಎಲ್ಲರೆದುರು ಜಂಬ ಕೊಚ್ಚಿಕೊಂಡಿದ್ದೆ. ತಿಂಗಳ ವರದಿ ಚೊಕ್ಕಟವಾಗಿ ಬರಲಿ ಎಂದು ಒಬ್ಬ ರೋಗಿಗೆ ಒಂದೇ ತೊಂದರೆ ಇಟ್ಟಿದ್ದೆ. ಜನರ ಮಾತು ಪೂರ್ತಿ ಕೇಳಬೇಕೆಂದು ಮೂರು ವರ್ಷ ಓದಿದವಳು ನಾನು. ಆ ಓದಿಗೆ ಬೆಂಕಿ ಹಾಕಬೇಕು. ಅವಳಿಗೆ ಬೈದದ್ದೂ ನಾಚಿಕೆಗೇಡು. ನನ್ನ ತಪ್ಪನ್ನು ಯಾರ ತಲೆಗಾದರೂ ಕಟ್ಟಬೇಕಿತ್ತು, ಅಷ್ಟೇ.

ದೇಸೂರಿನ ಆ ಹೆಂಗಸು ಬದುಕಿ ಉಳಿದರು. ಆದರೆ ಈಗ ನಾಲ್ಕು ಹೆಜ್ಜೆ ನಡೆದರೆ ಕೂರಬೇಕು. ತಿಂಗಳ ಮೇಲೆ ಗಂಡ ಒಬ್ಬರೇ ಔಷಧಿ ಚೀಟಿಗೆಂದು ಬಂದಾಗ, ಮುಚ್ಚಿಡದೆ ಹೇಳಿಬಿಡೋಣ ಎಂದುಕೊಂಡು ಪರದೆಯ ಕಥೆಯನ್ನೆಲ್ಲ ಹೇಳಿದೆ, ಅದನ್ನು ಬರೆದವಳು ನಾನೇ ಎಂಬುದನ್ನೂ. ಹೇಳುತ್ತ ಹೇಳುತ್ತ ನನಗೇ ಸ್ವಲ್ಪ ಹಗುರಾಯಿತು. ಅವರು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದರು.

"ಕಂಪ್ಯೂಟರ್ ಮಾತು ನನಗ ತಿಳಿಯಂಗಿಲ್ರಿ," ಎಂದರು. "ನಮ್ಮಾಕಿ ಎರಡೂ ಸಲ ನಿಮ್ಮ ಮುಂದನ ಕುಂತಿದ್ಲು. ನೀವು ಕಾಗದ ನೋಡಿದ್ರಿ."