ಎರಡನೇ ಪುಟ ಯಾರೂ ಓದುವುದಿಲ್ಲ

ಜೆರಾಕ್ಸಮ್ಮನ ಅಂಗಡಿಯನ್ನು ಅಂಗಡಿ ಎಂದು ಕರೆಯಲು ಸ್ವಲ್ಪ ದೊಡ್ಡ ಮನಸ್ಸು ಬೇಕು. ಹಳೆಯ ಕಟ್ಟಡವೊಂದರ ಮೆಟ್ಟಿಲ ಅಡಿಯಲ್ಲಿ ಯಾರಿಗೂ ಬೇಡವಾಗಿ ಉಳಿದ ಮೂಲೆ ಅದು. ಅಷ್ಟರಲ್ಲೇ ಎರಡು ಯಂತ್ರ, ಒಂದು ಕಂಪ್ಯೂಟರು, ಒಂದು ಎತ್ತರದ ಸ್ಟೂಲು, ಸ್ಟೂಲಿನ ಮೇಲೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡ ಜೆರಾಕ್ಸಮ್ಮ. ಮೆಟ್ಟಿಲು ಇಳಿಯುವವರ ಹೆಜ್ಜೆಗಳೆಲ್ಲ ಆಕೆಯ ನೆತ್ತಿಯ ಮೇಲೆಯೇ ಬೀಳುತ್ತಿದ್ದವು. ಗಿರಾಕಿಗಳು ರಸ್ತೆಯಲ್ಲೇ ನಿಲ್ಲಬೇಕು. ಒಬ್ಬರು ಒಳಗೆ ಬಂದರೆ ಆಕೆ ಹೊರಗೆ ಹೋಗಬೇಕಾಗುತ್ತದೆ.

ರಸ್ತೆಯ ಆಚೆ ಹನ್ನೆರಡು ಮಹಡಿಯ ಗಾಜಿನ ಕಟ್ಟಡ, ಅದರ ತುಂಬ ಕಚೇರಿಗಳು. ಕೆಲಸ ಬೇಕಾದವರೆಲ್ಲ ಈಚೆ ನಿಂತು ಬಯೋಡೇಟಾ ಪ್ರತಿ ತೆಗೆಸಿಕೊಂಡು, ಯಂತ್ರದ ಗಾಜಿನಲ್ಲಿ ಮುಖ ನೋಡಿಕೊಂಡು, ತಲೆ ಸವರಿಕೊಂಡು ಆಚೆ ದಾಟುತ್ತಿದ್ದರು. ಕೆಲವರು ಅಲ್ಲೇ ಉಳಿಯುತ್ತಿದ್ದರು. ಹೆಚ್ಚಿನವರು ವಾರ ಕಳೆದು ಮತ್ತೆ ಪ್ರತಿ ತೆಗೆಸಲು ಬರುತ್ತಿದ್ದರು.

ಹಾಗೆ ಮತ್ತೆ ಮತ್ತೆ ಬರುವವರಲ್ಲಿ ಮೆಡಲ್ ಒಬ್ಬ. ಕಾಲೇಜಿನಲ್ಲಿ ವಾಣಿಜ್ಯಕ್ಕೆ ಮೊದಲಿಗನಾಗಿ ಪದಕವೊಂದನ್ನು ಗೆದ್ದಿದ್ದ. ಪದಕ ಪೆಟ್ಟಿಗೆಯಲ್ಲಿ ಉಳಿಯಿತು, ಹೆಸರು ಮಾತ್ರ ಮನೆಮಂದಿಯ ಬಾಯಲ್ಲಿ ಅವನಿಗೆ ಅಂಟಿಕೊಂಡಿತು. ಇಷ್ಟು ದೊಡ್ಡ ನಗರಕ್ಕೆ ತಾನು ಬಂದಿಳಿದ ಸುದ್ದಿ ಕಂಪನಿಗಳಿಗೆ ತಲುಪಲು ಒಂದು ವಾರ ಬೇಕಾಗಬಹುದೆಂದು ಅವನು ಲೆಕ್ಕ ಹಾಕಿದ್ದ. ಈಗ ನಾಲ್ಕು ತಿಂಗಳಾಗಿತ್ತು.

ಅವನು ಇದ್ದದ್ದು ಅಕ್ಕನ ಮನೆಯಲ್ಲಿ. ಎರಡೇ ಕೋಣೆ. ಅಕ್ಕನಿಗೆ ಇನ್ನೊಂದು ತಿಂಗಳಲ್ಲಿ ದಿನ ತುಂಬುತ್ತಿತ್ತು; ಬಾಣಂತನಕ್ಕೆ ಅಮ್ಮ ಬರುವವಳಿದ್ದಳು. ಅಂದರೆ ಮೆಡಲ್ ಮಲಗುವ ಕೋಣೆಗೆ ಮೇಲಿಂದ ಇಬ್ಬರು ಹಕ್ಕುದಾರರು. ಅಷ್ಟರೊಳಗೆ ಕೆಲಸ ಸಿಗದಿದ್ದರೆ ಊರಿಗೆ ಹಿಂದಿರುಗಿ, ಅಪ್ಪನ ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಾಕುತ್ತಾ ಕೂರಬೇಕು. ಹೀಗೆಂದು ಯಾರೂ ಹೇಳಿರಲಿಲ್ಲ. ಅಕ್ಕ ಮಾತ್ರ ತಟ್ಟೆ ಎತ್ತುವಾಗ ಒಂದು ದಿನ, "ನನ್ನ ಮಗೂಗಿಂತ ಮೊದ್ಲು ನಿನ್ನ ಕೆಲಸ ಹುಟ್ಲಿ ಕಣೋ," ಎಂದಿದ್ದಳು.

ಭಾವನಿಗೆ ಇದರಲ್ಲಿ ಕಷ್ಟವೇನೂ ಕಾಣುತ್ತಿರಲಿಲ್ಲ. ಆತ ಕಚೇರಿಗಳಿಗೆ ಕುರ್ಚಿ ಮಾರುವವನು. "ಈ ನಗರದಲ್ಲಿ ನಾನು ಕೂರಿಸದ ಮ್ಯಾನೇಜರ್ ಇಲ್ಲ," ಎಂಬುದು ಆತನ ಮಾತು. ಕೂತವರು ಆಮೇಲೆ ಆತನನ್ನು ಗುರುತಿಸುತ್ತಿದ್ದರೋ ಇಲ್ಲವೋ, ಅದು ಬೇರೆ ವಿಷಯ.

"ಕೆಲಸ ಓದಿನಿಂದ ಸಿಗಲ್ಲಪ್ಪ ಮೆಡಲ್, ಕಾಂಟ್ಯಾಕ್ಟಿನಿಂದ ಸಿಗುತ್ತೆ," ಎಂದು ಭಾವ ಅವನನ್ನು ಸಂಜೆಯ ಕೂಟಗಳಿಗೆ ಕರೆದುಕೊಂಡು ಹೋಗುತ್ತಿದ್ದ. ಎದೆಯ ಮೇಲೆ ಹೆಸರಿನ ಚೀಟಿ ಅಂಟಿಸಿಕೊಂಡು ನೂರಾರು ಜನ ಒಬ್ಬರ ಕೈ ಒಬ್ಬರು ಕುಲುಕುವ ಸಭಾಂಗಣ ಅದು. "ಕೈ ಹಿಡಿದಾಗ ಮನಸ್ಸಲ್ಲೇ ಮೂರು ಎಣಿಸು. ಎರಡಕ್ಕೆ ಬಿಟ್ರೆ ಅಹಂಕಾರ, ನಾಲ್ಕಕ್ಕೆ ಬಿಟ್ರೆ ಸಾಲ ಕೇಳ್ತಾನೆ ಅನ್ಕೋತಾರೆ." ಮೆಡಲ್ ಶ್ರದ್ಧೆಯಿಂದ ಎಣಿಸಿದ. ಮೂರನೆಯ ಕೂಟದಲ್ಲಿ, ತನ್ನ ಕೈ ಹಿಡಿದವನ ತುಟಿಯೂ ಮೆಲ್ಲಗೆ ಅಲ್ಲಾಡುತ್ತಿರುವುದನ್ನು ಕಂಡ. ವಿಚಾರಿಸಿದರೆ ಅವನಿಗೂ ಕೆಲಸವಿರಲಿಲ್ಲ. ಅವನ ಪಕ್ಕದವನಿಗೂ ಇರಲಿಲ್ಲ.

ಜೆರಾಕ್ಸಮ್ಮನ ಬಳಿ ಮಾತ್ರ ಕೈ ಕುಲುಕುವ ಪ್ರಶ್ನೆ ಬರುತ್ತಿರಲಿಲ್ಲ. ಆಕೆಯ ಕೈಗೆ ಬಿಡುವಿರಲಿಲ್ಲ. ಮೊದಲ ದಿನವೇ ಹಾಳೆಯನ್ನು ಗಾಜಿನ ಮೇಲೆ ಮಲಗಿಸುತ್ತಾ, ಅದನ್ನು ನೋಡಿಯೂ ನೋಡದವಳಂತೆ ಕೇಳಿದಳು.

"ಅನುಭವ ಇಲ್ಲ ಅಂತ ಇಷ್ಟು ದೊಡ್ಡಕ್ಷರದಲ್ಲಿ ಯಾಕೆ ಹಾಕಿದೀರಿ?"

"ಅದು ಪ್ರಾಮಾಣಿಕತೆ," ಎಂದ ಮೆಡಲ್.

"ಇರ್ಲಿ. ಸ್ವಲ್ಪ ಸಣ್ಣಕ್ಷರದ ಪ್ರಾಮಾಣಿಕತೆ ಸಾಕು." ಕಂಪ್ಯೂಟರಿನಲ್ಲಿ ಎರಡು ಬಟನ್ ಒತ್ತಿ ಸರಿಮಾಡಿದಳು. ಅವನು ಯಂತ್ರದ ಟ್ರೇ ಕಡೆ ಕೈ ಚಾಚಿದಾಗ ಮಾತ್ರ ದನಿ ಬದಲಾಯಿತು. "ಟ್ರೇಗೆ ಕೈ ಹಾಕ್ಬಾರ್ದು. ಜೋಡಿಸಿ, ಪಿನ್ ಹೊಡ್ದು ನಾನೇ ಕೊಡ್ತೀನಿ. ಇಲ್ಲಿ ಅದೊಂದೇ ಕಾನೂನು."

ಆ ಕಾನೂನಿನ ಹಿನ್ನೆಲೆಯನ್ನು ಮೆಡಲ್‌ಗೆ ಹೇಳಿದ್ದು ಪಕ್ಕದ ಚಹಾದವನು. ಹತ್ತೊಂಬತ್ತು ವರ್ಷದ ಹಿಂದೆ ಜೆರಾಕ್ಸಮ್ಮನೂ ಬಯೋಡೇಟಾ ಹಿಡಿದು ಇದೇ ಮೆಟ್ಟಿಲ ಕೆಳಗೆ ಬಂದು ನಿಂತವಳು. ಗಂಡ ತೀರಿಕೊಂಡು ಆರು ತಿಂಗಳು, ಸೊಂಟದ ಮೇಲೆ ಮಗಳು, ಕೈಯಲ್ಲಿ ಟೈಪಿಂಗ್ ಸರ್ಟಿಫಿಕೇಟು. ಅಂಗಡಿಯ ಮುದುಕ ಪ್ರತಿ ತೆಗೆಯುವಾಗ ಹಾಳೆ ಯಂತ್ರದಲ್ಲಿ ಸಿಕ್ಕಿಕೊಂಡಿತು. ಆಕೆ ಮಗುವನ್ನು ಕೌಂಟರಿನ ಮೇಲೆ ಕೂರಿಸಿ, ಒಳಗೆ ಕೈಯಿಟ್ಟು, ಹಾಳೆಯನ್ನು ಚೂರೂ ಹರಿಯದೆ ಎಳೆದು ತೆಗೆದಳು. "ಇನ್ನು ಮಿಕ್ಕ ಕಾಪಿ ಯಾಕಮ್ಮ, ಇಲ್ಲೇ ಕೂತ್ಕೋ," ಎಂದನಂತೆ ಮುದುಕ. ಕೂತಳು. ಆ ವರ್ಷವೇ ಮುದುಕ ಯಾರೊಡನೆಯೋ ಹರಟುತ್ತಾ, ಎದುರು ಕಟ್ಟಡದ ಗುಮಾಸ್ತನೊಬ್ಬ ಬೇರೆ ಕಡೆ ಕೆಲಸ ಹುಡುಕುತ್ತಿದ್ದಾನೆ ಎಂದುಬಿಟ್ಟ. ಸಂಜೆಯೊಳಗೆ ಗುಮಾಸ್ತನ ಕೆಲಸ ಹೋಯಿತು. ಮರುದಿನ ಬೆಳಿಗ್ಗೆ ಅವನು ಅದೇ ಅಂಗಡಿಗೆ ಬಂದು, ಯಾರನ್ನೂ ಬಯ್ಯದೆ, ಇನ್ನೂ ಇಪ್ಪತ್ತು ಪ್ರತಿ ಕೇಳಿದ. ಅಂದಿನಿಂದ ಆ ಮೂಲೆಯಿಂದ ಒಂದು ಹಾಳೆಯಾಗಲಿ ಒಂದು ಮಾತಾಗಲಿ ಹೊರಬಿದ್ದಿಲ್ಲ.

ಇದನ್ನು ಕೇಳಿದ ಮೇಲೆ ಮೆಡಲ್‌ನ ಕಣ್ಣು ತೆರೆಯಿತು. ಮಧ್ಯಾಹ್ನ ಊಟದ ಹೊತ್ತಿಗೆ ಬರುವ ಗಿರಾಕಿಗಳ ಜಾತಿಯೇ ಬೇರೆ. ಅವರು ಎದುರು ಕಟ್ಟಡದಿಂದ ನೇರ ರಸ್ತೆ ದಾಟುವುದಿಲ್ಲ, ಬಳಸಿಕೊಂಡು ಬರುತ್ತಾರೆ. ಕೊರಳ ಗುರುತಿನ ಚೀಟಿ ಜೇಬಿನೊಳಗಿರುತ್ತದೆ. "ಎರಡು ಪುಟ, ಐದು ಕಾಪಿ," ಎಂದು ಔಷಧಿ ಅಂಗಡಿಯಲ್ಲಿ ಕೇಳುವ ದನಿಯಲ್ಲಿ ಕೇಳುತ್ತಾರೆ. ಕೆಲಸದಲ್ಲಿದ್ದೂ ಬೇರೆ ಕೆಲಸ ಹುಡುಕುವವರು. ಅಂದರೆ ಆ ಹನ್ನೆರಡು ಮಹಡಿಯಲ್ಲಿ ಯಾವ ಕುರ್ಚಿ ಯಾವಾಗ ಖಾಲಿಯಾಗುತ್ತದೆಂಬುದು ಕಂಪನಿಗಳಿಗಿಂತ ಮೊದಲು ಗೊತ್ತಾಗುವುದು ಈ ಸ್ಟೂಲಿನ ಮೇಲೆ.

"ಎದುರುಗಡೆ ಯಾವುದಾದ್ರೂ ಜಾಗ ಖಾಲಿ ಆಗೋ ಹಾಗಿದೆಯಾ ಅಮ್ಮಾ?" ಎಂದು ಒಂದು ದಿನ ಕೇಳಿಯೇ ಬಿಟ್ಟ.

"ನಂಗೇನು ಗೊತ್ತಪ್ಪ, ನಾನು ಬಟನ್ ಒತ್ತೋಳು," ಎಂದಳು.

ಮೆಡಲ್‌ಗೆ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಆರಿರಲಿಲ್ಲ, ಮುಂದಿನ ಸಲ ಹತ್ತು ಪ್ರತಿ ತೆಗೆಸಲು ಬಂದಾಗ. ಊಟದ ಹೊತ್ತು. ಅವನಿಗಿಂತ ಮುಂದೆ ದಪ್ಪ ಮೀಸೆಯವರೊಬ್ಬರು ನಿಂತಿದ್ದರು. ಅವರ ಹಾಳೆಗಳು ಮುಗಿದು ಮೆಡಲ್‌ನವು ಬರುತ್ತಿದ್ದಾಗ ಭಾವನ ಫೋನು. "ಐದು ನಿಮಿಷದಲ್ಲಿ ಬಾ, ಒಬ್ಬ ದೊಡ್ಡ ಮನುಷ್ಯ ಸಿಕ್ಕಿದಾನೆ." ಜೆರಾಕ್ಸಮ್ಮ ಕಾಗದದ ಕಟ್ಟು ಬಿಚ್ಚಲು ಬಗ್ಗಿದ್ದಳು. ಮೆಡಲ್ ಟ್ರೇಗೆ ಕೈ ಹಾಕಿ ತನ್ನ ಹಾಳೆಗಳನ್ನು ಬಾಚಿಕೊಂಡ.

"ಏ, ನಿಲ್ಲಿ, ನಾನು ಜೋಡಿಸ್ತೀನಿ..."

"ಪಿನ್ ಹೊಡೆಯೋದು ಡಿಗ್ರಿಲಿ ಹೇಳ್ಕೊಟ್ಟಿದಾರೆ," ಎಂದು ಹೊರಟೇಹೋದ. ದೊಡ್ಡ ಮನುಷ್ಯ ಲಿಫ್ಟು ರಿಪೇರಿಯವನು. ಭಾವನನ್ನು ಬೇರೆ ಯಾರೋ ಎಂದುಕೊಂಡು ಮಾತಾಡಿಸಿದ್ದನಂತೆ. ಹತ್ತರಲ್ಲಿ ಮೇಲಿನ ಒಂದು ಪ್ರತಿಯನ್ನು ಮೆಡಲ್ ಅದೇ ದಿನ ಎದುರು ಕಟ್ಟಡದ ಏಳನೇ ಮಹಡಿಯಲ್ಲಿ, ಔಷಧಿ ಸಾಗಿಸುವ ಕಂಪನಿಯೊಂದರ ಅರ್ಜಿ ಪೆಟ್ಟಿಗೆಗೆ ಹಾಕಿದ. ಉಳಿದ ಒಂಬತ್ತು ಫೈಲಿನಲ್ಲಿದ್ದವು.

ಹನ್ನೆರಡು ದಿನದ ಮೇಲೆ ಆ ಕಂಪನಿಯಿಂದಲೇ ಕರೆ ಬಂತು. ಗೋದಾಮಿನಲ್ಲಿ ಸಹಾಯಕನ ಕೆಲಸ, ನಾಳೆ ಹನ್ನೊಂದಕ್ಕೆ ಸಂದರ್ಶನ. ನಾಲ್ಕು ತಿಂಗಳಲ್ಲಿ ಮೊದಲ ಕರೆ, ಅಕ್ಕನ ದಿನಕ್ಕೆ ಎರಡೇ ವಾರ ಬಾಕಿ. ಅಕ್ಕ ಅಂಗಿಗೆ ಇಸ್ತ್ರಿ ಹಾಕಿ ಕೊಟ್ಟಳು.

ಮರುದಿನ ಹತ್ತೂವರೆಗೆ ಮೆಡಲ್ ಜೆರಾಕ್ಸಮ್ಮನ ಮುಂದೆ ಎದೆಯುಬ್ಬಿಸಿ ನಿಂತ. "ಏಳನೇ ಮಹಡಿಯಿಂದ ಕರೆದಿದಾರೆ. ಅಂದ ಹಾಗೆ ನಿಮ್ಮ ಲೆಕ್ಕ ತಪ್ಪಿದೆ ಅಮ್ಮಾ. ನನ್ನ ಎರಡನೇ ಪುಟ ಒಂದು ಜಾಸ್ತಿ ಕೊಟ್ಟಿದೀರಿ, ನೋಡಿ."

ಜೆರಾಕ್ಸಮ್ಮ ಓಡುತ್ತಿದ್ದ ಯಂತ್ರವನ್ನು ನಿಲ್ಲಿಸಿದಳು. ಫೈಲು ಕಸಿದುಕೊಂಡು ಒಂಬತ್ತು ಪ್ರತಿಯನ್ನೂ ತಿರುವಿದಳು. ಎಲ್ಲ ಸರಿಯಾಗಿದ್ದವು. ಒಂದು ಎರಡನೇ ಪುಟ ಜೊತೆಯಿಲ್ಲದೆ ಉಳಿದಿತ್ತು.

"ಹತ್ತನೇದು ಏಳನೇ ಮಹಡೀಲಿದೆಯಾ?"

"ಹೌದು."

"ಅವತ್ತು ಇನ್ನೊಬ್ಬರಿಗೆ ಒಂದು ಎರಡನೇ ಪುಟ ಕಮ್ಮಿ ಬಂತು. ಯಂತ್ರ ನುಂಗಿದೆ ಅನ್ಕೊಂಡೆ." ಆಕೆಯ ಮುಖದಲ್ಲಿ ರಕ್ತವಿರಲಿಲ್ಲ. "ನಿಮ್ಮ ಮೊದಲ ಪುಟಕ್ಕೆ ಅವರ ಎರಡನೇ ಪುಟ ಸೇರ್ಕೊಂಡು ಹೋಗಿದೆ."

"ಯಾರದು?"

"ಯಾರದೂ ಅಲ್ಲ," ಎಂದಳು ಜೆರಾಕ್ಸಮ್ಮ.

ಆದರೆ ಮೆಡಲ್ ದಡ್ಡನಲ್ಲ. ದಪ್ಪ ಮೀಸೆ ನೆನಪಾಯಿತು. ಅವರು ಕೆಲಸ ಮಾಡುವುದು ಅದೇ ಏಳನೇ ಮಹಡಿಯಲ್ಲಿ ಎಂಬುದು ಆಕೆಯ ಮುಖದಲ್ಲೇ ಬರೆದಿತ್ತು. "ಯಾರೂ ಓದಿರಲ್ಲ ಬಿಡಿ ಅಮ್ಮಾ. ಓದಿದ್ರೆ ನನ್ನ ಕರೀತಿದ್ರಾ?"

"ಎರಡನೇ ಪುಟ ಯಾರೂ ಓದಲ್ಲ, ನಿಜ. ಎದುರಿಗೆ ಕೂರಿಸ್ಕೊಂಡಾಗ ಓದ್ತಾರೆ." ಆಕೆ ಫೈಲಿನಿಂದ ಸರಿಯಾದ ಒಂದು ಪ್ರತಿ ತೆಗೆದುಕೊಂಡು ಸ್ಟೂಲಿನಿಂದ ಇಳಿದಳು. ಆಕೆ ಇಷ್ಟು ಕುಳ್ಳಿ ಎಂಬುದು ಮೆಡಲ್‌ಗೆ ಅಂದೇ ಗೊತ್ತಾದದ್ದು. ಹಾಡುಹಗಲಲ್ಲಿ ಷಟರು ಎಳೆದಳು. ಚಹಾದವನು ಲೋಟ ಹಿಡಿದುಕೊಂಡೇ ನಿಂತುಬಿಟ್ಟ.

ಮುಂದಿನ ಹತ್ತು ನಿಮಿಷವನ್ನು ಮೆಡಲ್ ಬದುಕಿರುವ ತನಕ ಮರೆಯುವುದಿಲ್ಲ.

ಗಾಜಿನ ಬಾಗಿಲಲ್ಲಿ ಕಾವಲುಗಾರನಿದ್ದ. ನಾಲ್ಕು ತಿಂಗಳಿಂದ ಮೆಡಲ್‌ನ ಚೀಲವನ್ನು ತಲೆಕೆಳಗು ಮಾಡಿ ನೋಡುತ್ತಿದ್ದ ಮನುಷ್ಯ. ಜೆರಾಕ್ಸಮ್ಮನನ್ನು ಕಂಡು ನೆಟ್ಟಗೆ ನಿಂತು ಬಾಗಿಲು ತೆರೆದ. ಆಕೆ ಅವನ ಮುಖ ನೋಡಲಿಲ್ಲ. ಸ್ವಾಗತದ ಮೇಜಿನಲ್ಲಿದ್ದ ಹುಡುಗಿ, ಮೆಡಲ್‌ಗೆ ಸದಾ "ಸಾಹೇಬರು ಮೀಟಿಂಗಲ್ಲಿದಾರೆ" ಎನ್ನುತ್ತಿದ್ದವಳು, ತುಟಿಯವರೆಗೆ ಬಂದ ಆ ಮಾತನ್ನು ನುಂಗಿ ಎದ್ದು ನಿಂತಳು. ಲಿಫ್ಟಿನಲ್ಲಿ ಟೈ ಕಟ್ಟಿದ ನಾಲ್ವರಿದ್ದರು. ಒಬ್ಬರು ಸರಿದು ಜಾಗ ಕೊಟ್ಟರು, ಇನ್ನೊಬ್ಬರು ಚಾವಣಿ ನೋಡಿದರು, ಮಿಕ್ಕಿಬ್ಬರು ಒಬ್ಬರಿಂದೊಬ್ಬರು ಮುಖ ಮರೆಸಿಕೊಂಡರು. ಆಕೆಯೂ ಯಾರನ್ನೂ ಕಂಡವಳಂತೆ ಮಾಡಲಿಲ್ಲ. ಮಹಡಿಯ ಸಂಖ್ಯೆ ಏರುವುದನ್ನೇ ನೋಡುತ್ತಿದ್ದಳು.

ಏಳನೇ ಮಹಡಿಯ ಉದ್ದನೆಯ ಹಜಾರದಲ್ಲಿ ಮೇಜುಗಳ ಹಿಂದಿನ ತಲೆಗಳು ಒಂದೊಂದಾಗಿ ಎದ್ದವು. ಮಾತು ನಿಂತಿತು. ಎಲ್ಲೋ ಒಂದು ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಇವರೆಲ್ಲರೂ, ಒಬ್ಬರೂ ತಪ್ಪದೆ, ಒಂದಲ್ಲ ಒಂದು ದಿನ ಆ ಮೂಲೆಯಲ್ಲಿ ನಿಂತು ತಗ್ಗಿದ ದನಿಯಲ್ಲಿ ಎರಡು ಪುಟ ಕೇಳಿದವರು ಎಂಬುದು ಮೆಡಲ್‌ಗೆ ಆಗ ಹೊಳೆಯಿತು. ಭಾವ ವರ್ಷಗಟ್ಟಲೆ ಕೈ ಕುಲುಕಿದರೂ ಒಂದು ಬಾಗಿಲೂ ಅಲ್ಲಾಡಿರಲಿಲ್ಲ. ಈ ಕುಳ್ಳ ಹೆಂಗಸಿಗೆ, ಬೆರಳಿಗೆಲ್ಲ ಶಾಯಿ ಪುಡಿ ಮೆತ್ತಿಕೊಂಡು ಬಂದವಳಿಗೆ, ಇಡೀ ಕಟ್ಟಡವೇ ದಾರಿ ಬಿಡುತ್ತಿತ್ತು. ಕಿಟಕಿಯ ಬಳಿ ದಪ್ಪ ಮೀಸೆಯವರು ಆಕೆಯನ್ನು ಕಂಡು ಬಿಳಿಚಿಕೊಂಡರು. ಅವರನ್ನೂ ಆಕೆ ನೋಡಲಿಲ್ಲ.

ಮ್ಯಾನೇಜರ್ ಕೋಣೆಯಲ್ಲಿ ಮೆಡಲ್‌ನ ಬಯೋಡೇಟಾ ಮೇಜಿನ ಮೇಲಿತ್ತು. ಮ್ಯಾನೇಜರ್ ಮೊದಲ ಪುಟ ಮುಗಿಸಿ, ಬೆರಳನ್ನು ನಾಲಿಗೆಗೆ ಮುಟ್ಟಿಸಿ, ಹಾಳೆಯ ಮೂಲೆಗೆ ಇಟ್ಟಿದ್ದರು.

"ಸಾರ್, ಇವರ ಕಾಪಿ ನಮ್ಮಂಗಡೀಲಿ ತಪ್ಪಾಗಿದೆ. ಬೇರೆಯವರ ಹಾಳೆ ಸೇರಿದೆ. ಸರಿಯಾದ್ದು ತಂದಿದೀನಿ," ಎಂದಳು ಜೆರಾಕ್ಸಮ್ಮ.

ಮ್ಯಾನೇಜರ್ ತಲೆಯೆತ್ತಿದರು. ಬೆರಳು ಹಾಗೇ ನಿಂತಿತು. ಕಿವಿ ಕೆಂಪಾಯಿತು. ಕುರ್ಚಿಯಿಂದ ಎದ್ದೇಬಿಟ್ಟರು. "ಬೇರೆಯವರ... ಎರಡು ಪುಟದ್ದಾ?"

"ಹೌದು ಸಾರ್."

"ತಗೊಳಿ ತಗೊಳಿ," ಎಂದು ಹಾಳೆಗಳನ್ನು ತಿರುವದೆ, ಬಿಸಿ ಪಾತ್ರೆ ದಾಟಿಸುವವರಂತೆ ಕೊಟ್ಟುಬಿಟ್ಟರು. ಹಾಳೆ ಕೈಯಿಂದ ಕೈಗೆ ಹೋಗುವಾಗ ಗಾಳಿಗೆ ಹೊರಳಿತು. ಮೆಡಲ್ ಕಣ್ಣಿಗೆ ಒಂದು ಸಾಲು ಬಿತ್ತು: "ಈಗಿನ ಕೆಲಸ ಬಿಡಲು ಕಾರಣ: ಗೋದಾಮು ಎಂದರೇನೆಂದು ಮ್ಯಾನೇಜರಿಗೆ ಹನ್ನೊಂದು ವರ್ಷದಿಂದ ವಿವರಿಸಿ ಸುಸ್ತಾಗಿರುವುದು."

ಜೆರಾಕ್ಸಮ್ಮ ಅದನ್ನು ಚೀಲಕ್ಕೆ ಸೇರಿಸಿ ಹೊರಟಳು. ಮೆಡಲ್‌ಗಾಗಿ ಒಂದು ಮಾತೂ ಹೇಳಲಿಲ್ಲ, ಅವನ ಕಡೆ ತಿರುಗಲೂ ಇಲ್ಲ.

ಬಾಗಿಲು ಮುಚ್ಚಿದ ಮೇಲೆ ಮ್ಯಾನೇಜರ್ ನೀರು ಕುಡಿದರು. "ಅವರು ನಿಮಗೇನಾಗ್ಬೇಕು?"

ಚಿಕ್ಕಮ್ಮ ಎಂದರೆ ಕೆಲಸ ಗ್ಯಾರಂಟಿ. ಮೆಡಲ್‌ಗೆ ಅದು ಗೊತ್ತಿತ್ತು. ಆ ಪದ ನಾಲಿಗೆಯ ತುದಿಯಲ್ಲೇ ಬಂದು ಕೂತಿತ್ತು. ಅಕ್ಕ ಇಸ್ತ್ರಿ ಹಾಕಿದ ಅಂಗಿ ಬೆನ್ನಿಗೆ ಅಂಟಿತ್ತು.

"ಏನೂ ಇಲ್ಲ ಸಾರ್. ನಾನು ಗಿರಾಕಿ. ತಪ್ಪು ಅವರದ್ದಲ್ಲ, ನಂದು. ಅವಸರದಲ್ಲಿ ಟ್ರೇಯಿಂದ ನಾನೇ ಹಾಳೆ ಎತ್ಕೊಂಡೆ."

"ಹಾಗಾದ್ರೆ ಆ ಹಾಳೆ ನೀವು ನೋಡಿರ್ತೀರಿ." ಮ್ಯಾನೇಜರ್ ಮುಂದೆ ಬಾಗಿದರು. "ಯಾರದದು? ಏನಿತ್ತು ಅದರಲ್ಲಿ?"

ಅವರ ಹಣೆಯ ಮೇಲೆ ಬೆವರ ಹನಿಗಳಿದ್ದವು. ಮೆಡಲ್ ಅದನ್ನು ನೋಡಿದ, ಅರ್ಥವಾಯಿತು. ಈ ಮನುಷ್ಯನೂ ಊಟದ ಹೊತ್ತಿನ ಗಿರಾಕಿ. ಸೇರಿಕೊಂಡದ್ದು ತಮ್ಮದೇ ಎರಡನೇ ಪುಟ ಎಂದುಕೊಂಡಿದ್ದಾರೆ.

"ನೋಡ್ಲಿಲ್ಲ ಸಾರ್."

"ಒಂದು ಸಾಲೂ ಇಲ್ವಾ?"

"ಎರಡನೇ ಪುಟ ನಾನು ಓದಲ್ಲ ಸಾರ್."

ಮ್ಯಾನೇಜರ್ ಹಣೆ ಒರೆಸಿಕೊಂಡರು. ಆಮೇಲೆ ಕುರ್ಚಿಗೆ ಒರಗಿ, "ಗೋದಾಮಲ್ಲಿ ಬಾಯಿ ಬಿಗಿಹಿಡಿಯೋರು ಬೇಕು," ಎಂದರು. "ಸೋಮವಾರದಿಂದ ಬನ್ನಿ."

ಆ ಸಂಜೆ ಅಕ್ಕ ಗೋಡೆಗೆ ಒರಗಿಕೊಂಡೇ ನಕ್ಕು ಅತ್ತಳು. ಭಾವ ಕಾಲ ಮೇಲೆ ಕಾಲು ಹಾಕಿ ಕೂತ. "ಯಾರ ಕಾಂಟ್ಯಾಕ್ಟು, ಹೇಳು."

ಕಂಡದ್ದನ್ನೆಲ್ಲ ಹೇಳಿಬಿಡಬೇಕೆಂದು ಮೆಡಲ್‌ಗೆ ಎದೆ ಬಿರಿಯುವಷ್ಟು ಆಸೆ. ಇಂಥ ಸಂಗತಿ ಅವನ ಬದುಕಿನಲ್ಲಿ ಹಿಂದೆ ನಡೆದಿರಲಿಲ್ಲ, ಮುಂದೆ ನಡೆಯುವ ಭರವಸೆಯೂ ಇರಲಿಲ್ಲ. ಬಾಯಿ ತೆರೆದ. ಆಗಲೇ ಆ ಮೂಲೆಯಲ್ಲಿ ಯಾರನ್ನೂ ಬಯ್ಯದೆ ಇಪ್ಪತ್ತು ಪ್ರತಿ ಕೇಳಿದ ಗುಮಾಸ್ತ ಕಣ್ಣೆದುರು ಬಂದು ನಿಂತ.

"ಗೊತ್ತಿಲ್ಲ ಭಾವ. ಸುಮ್ನೆ ಸಿಕ್ತು."

"ಸುಮ್ನೆ ಸಿಗಲ್ಲಪ್ಪ. ಏಳನೇ ಮಹಡೀಲಿ ನಂದೇ ಆರು ಕುರ್ಚಿ ಇದೆ," ಎಂದು ಭಾವ ಎಲ್ಲರಿಗೂ ಫೋನು ಮಾಡಲು ಎದ್ದ. ಮೆಡಲ್ ತಡೆಯಲಿಲ್ಲ.

ಎರಡು ತಿಂಗಳಲ್ಲಿ ಮ್ಯಾನೇಜರ್ ಬೇರೆ ಕಂಪನಿಗೆ ಹೋದರು. ಕಾರಣವೇ ಹೊರಟುಹೋದ ಮೇಲೆ ದಪ್ಪ ಮೀಸೆಯವರು ಉಳಿದರು. ಬೀಳ್ಕೊಡುಗೆಯಲ್ಲಿ ಗದ್ಗದರಾಗಿ, ಇಂಥ ಮೇಲಧಿಕಾರಿ ಮತ್ತೆ ಸಿಗುವುದಿಲ್ಲವೆಂದು ಭಾಷಣ ಮಾಡಿದರು. ಹಿಂದಿನ ಸಾಲಿನಲ್ಲಿ ಕೂತ ಮೆಡಲ್ ಸುತ್ತ ಒಮ್ಮೆ ಕಣ್ಣಾಡಿಸಿದ. ಐವತ್ತು ಜನ ಚಪ್ಪಾಳೆ ತಟ್ಟುತ್ತಿದ್ದರು. ಅಷ್ಟೂ ಜನರ ಮನಸ್ಸಿನ ಮಾತು ರಸ್ತೆಯಾಚೆಯ ಒಂದೇ ತಲೆಯಲ್ಲಿ ಸದ್ದಿಲ್ಲದೆ ಕೂತಿದೆ ಎಂದುಕೊಂಡಾಗ ಅವನಿಗೆ ಚಪ್ಪಾಳೆ ತಟ್ಟಲೂ ತೋಚಲಿಲ್ಲ.

"ಹೋಗ್ತಾರೆ ಅಂತ ಒಂದು ಸುಳಿವಾದ್ರೂ ಇತ್ತೇನ್ರೀ?" ಎಂದು ಪಕ್ಕದವರು ಕಿವಿಯಲ್ಲಿ ಕೇಳಿದರು. "ಯಾರಿಗೂ ಗೊತ್ತೇ ಇರ್ಲಿಲ್ಲ ನೋಡಿ."

"ಹೌದು," ಎಂದ ಮೆಡಲ್, "ಯಾರಿಗೂ ಗೊತ್ತಿರ್ಲಿಲ್ಲ."