ವಾಸಪ್ಪನ ಮೂರನೇ ಆಕ್ಸಿಡೆಂಟು

ಕಮ್ಮರಡಿಯ ವಾಸಪ್ಪ ಮೂವತ್ತೊಂದು ವರ್ಷ ಖಾಸಗಿ ಬಸ್ಸು ಓಡಿಸಿದವನು. ಅಷ್ಟೂ ವರ್ಷದಲ್ಲಿ ಒಂದೇ ಒಂದು ಆಕ್ಸಿಡೆಂಟ್ ಇಲ್ಲ ಎಂಬುದನ್ನು ಅವನ ಬಾಯಿಂದ ಕೇಳದ ಮನುಷ್ಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕಿನಲ್ಲಿ ಸಿಗಲಾರ. ಅವನ ಬಸ್ಸಿನಲ್ಲೇ ಕಾಲೇಜಿಗೆ ಹೋಗಿಬಂದ ನನಗೆ ಇದರ ಗುಟ್ಟು ಗೊತ್ತು: ಏನನ್ನಾದರೂ ಗುದ್ದಬೇಕಾದರೆ ಅದನ್ನು ತಲುಪುವಷ್ಟಾದರೂ ವೇಗ ಬೇಕು. ಅಡ್ಡಗದ್ದೆ ಹತ್ತಿರ ಒಮ್ಮೆ ಸೈಕಲ್ಲಿನಲ್ಲಿ ಐಸ್‌ಕ್ಯಾಂಡಿ ಮಾರುವವನು ನಮ್ಮನ್ನು ಓವರ್‌ಟೇಕ್ ಮಾಡಿ, ಮುಂದೆ ಹೋಗಿ ನಿಂತು, ನಮ್ಮ ಬಸ್ಸಿಗೇ ಕ್ಯಾಂಡಿ ಮಾರಿದ.

ಕೆಲಸ ಬಿಟ್ಟರೂ ವಾಸಪ್ಪ ಬಸ್ಸನ್ನು ಬಿಡಲಿಲ್ಲ. ಮದುವೆ ವಿಡಿಯೋ ಮಾಡುವ ಸ್ಟುಡಿಯೋದವರು ಕೈಬಿಟ್ಟ ಹಳೇ ಕಂಪ್ಯೂಟರೊಂದನ್ನು ತಂದು, ಅದರಲ್ಲಿ ಬಸ್ಸು ಓಡಿಸುವ ಆಟ ಹಾಕಿಸಿಕೊಂಡ. ಕೊರಳಿಗೆ ಟವೆಲ್ ಸುತ್ತಿ, ಮಾನಿಟರಿಗೆ ಊದಿನಕಡ್ಡಿ ತೋರಿಸಿಯೇ ಸ್ಟಾರ್ಟ್ ಮಾಡುವುದು. ಭಾನುವಾರ ಇಂಥವರೇ ಹನ್ನೆರಡು ಜನ ಅವರವರ ಮನೆಯಲ್ಲಿ ಕೂತು, ತೆರೆಯ ಮೇಲೆ ಸಾಲಾಗಿ ಬಸ್ಸು ಬಿಡುತ್ತಾರೆ. ಈ ಗುಂಪಿನ ಮುಖ್ಯಸ್ಥ ಬಾಳೆಹೊನ್ನೂರಿನ ಶಿವಕಿರಣ, ಇನ್ನೂ ಡಿಗ್ರಿ ಓದುವ ಹುಡುಗ. ಅವನ ಕಾನೂನಿನ ಪ್ರಕಾರ ಮೂರು ಆಕ್ಸಿಡೆಂಟ್ ಆದವರು ಗುಂಪಿನಿಂದ ಹೊರಗೆ.

"ಅಂಕಲ್, ನಿಮ್ದು ಎರಡಾಯ್ತು," ಎಂದಿದ್ದ ಅವನು. "ಇನ್ನೊಂದಾದ್ರೆ ತೆಗೀಬೇಕಾಗ್ತದೆ."

ಮೂವತ್ತೊಂದು ವರ್ಷ ಕಾಪಾಡಿಕೊಂಡ ಹೆಸರು ಹದಿನೈದು ದಿನದಲ್ಲಿ ಚರಂಡಿಗೆ ಬಿದ್ದಿತ್ತು. ವಾಸಪ್ಪ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಸಿದ.

"ತಪ್ಪು ನಂದಲ್ಲ ಮಾರಾಯ. ತಿರುವಿನಲ್ಲಿ ಚಿತ್ರ ನಿಂತೇ ಬಿಡ್ತದೆ. ಮತ್ತೆ ಹೊರಡುವಾಗ ಬಸ್ಸು ಗುಂಡಿಯೊಳಗೆ. ಕಂಪ್ಯೂಟರಿನ ಒಂದು ಸಾಮಾನು ಬೇಕಾದ್ರೆ ಬದಲಿಸಿ, ಎರಡನೇದು ಬಂದ್ರೆ ನಾನು ಮನೆ ಬಿಡ್ತೇನೆ ಅಂದಿದಾಳೆ ಸೀತಕ್ಕ. ಮೊದಲು ಯಾವ್ದು ಬದಲಿಸುವ?"

ಸೀತಕ್ಕ ಅವನ ಹೆಂಡತಿ. ಊರಿಗೆಲ್ಲ ಸೀತಕ್ಕ, ಅವನಿಗೂ. ಮೊದಲು ಡ್ರೈವರನ್ನೇ ಬದಲಿಸಿ ಎಂದು ಆಕೆ ಆಗಲೇ ಸಲಹೆ ಕೊಟ್ಟಾಗಿತ್ತಂತೆ.

ನನ್ನದು ಕೊಪ್ಪ ಬಸ್ ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿ. ನನ್ನ ತಾಂತ್ರಿಕ ಜ್ಞಾನವೆಲ್ಲ ಸಿಕ್ಕಿಕೊಂಡ ಕಾಗದ ಎಳೆದು ತೆಗೆಯುವುದರಲ್ಲಿ ಮುಗಿಯುತ್ತದೆ. ಆದರೆ 'ಎಲ್ಲಾ ರೀತಿಯ ಕಂಪ್ಯೂಟರ್ ಕೆಲಸ' ಎಂದು ಬೋರ್ಡು ಬರೆಸಿಕೊಂಡವನು ಗೊತ್ತಿಲ್ಲ ಎನ್ನುವುದು ಹೇಗೆ? ಗ್ರಾಫಿಕ್ಸ್ ಕಾರ್ಡ್ ಅಂದೆ.

"ಯಾಕೆ?"

"ನಿಲ್ಲೋದು ಚಿತ್ರ ತಾನೇ ವಾಸಪ್ಪಣ್ಣ? ಚಿತ್ರ ಅಂದ್ರೆ ಗ್ರಾಫಿಕ್ಸ್."

ಈ ತರ್ಕದ ಪ್ರಕಾರ ಬಸ್ಸು ಏರು ಹತ್ತದಿದ್ದರೆ ಮುಂದಿನ ಗಾಜು ಬದಲಿಸಬೇಕು. ಆಗ ಅದು ಹೊಳೆಯಲಿಲ್ಲ. ಮೂರು ಫ್ಯಾನಿನ ಕಾರ್ಡೊಂದನ್ನು ಫೋನಿನಲ್ಲಿ ತೋರಿಸಿದೆ. ವಾಸಪ್ಪ ಹೊಸ ಬಸ್ಸಿನ ಬಾಡಿ ನೋಡುವವನಂತೆ ನೋಡಿದ.

ಅದು ಕಂಪ್ಯೂಟರಿನ ಡಬ್ಬಿಯೊಳಗೆ ಹಿಡಿಸುತ್ತದೋ ಇಲ್ಲವೋ ಅಳತೆ ನೋಡಲು, ರಿಪೇರಿ ಮಾಡುವ ಈಶಾನನನ್ನು ವಾಸಪ್ಪನ ಮನೆಗೆ ಕರೆಸಿದೆವು. ಅವನು ಟೇಪು ಹೊರಗೆ ತೆಗೆಯಲೇ ಇಲ್ಲ.

"ಆಟ ಓಡ್ತಾ ಇರುವಾಗ ಯಾವ್ದಕ್ಕೆ ಎಷ್ಟು ಭಾರ ಬೀಳ್ತದೆ ಅಂತ ನೋಡಿದೀರಾ?"

ಯಾರೂ ನೋಡಿರಲಿಲ್ಲ. ಅವನು ಆಟ ಶುರು ಮಾಡಿಸಿ, ತೆರೆಯ ಪಕ್ಕದಲ್ಲೇ ಲೆಕ್ಕ ತೋರಿಸುವ ಸಣ್ಣ ಕಿಟಕಿಯೊಂದನ್ನು ತೆರೆದ. ನಾನು ಅಯೋಗ್ಯವೆಂದು ತೀರ್ಮಾನಿಸಿದ್ದ ಗ್ರಾಫಿಕ್ಸ್ ಕಾರ್ಡು ನೂರಕ್ಕೆ ನಲವತ್ತರಲ್ಲಿ ಆಕಳಿಸುತ್ತಿತ್ತು. ಹಾರ್ಡ್ ಡಿಸ್ಕು ನೂರಕ್ಕೆ ನೂರು.

"ಆಟದ ರಸ್ತೆಯೆಲ್ಲ ಇರೋದು ಇದರೊಳಗೆ. ಇದು ಹಳೇದು, ತಿರುವು ಬಂದಾಗ ಮುಂದಿನ ರಸ್ತೆ ತಂದುಕೊಡ್ಲಿಕ್ಕೆ ಆಗೋದಿಲ್ಲ. ಇದನ್ನ ತೆಗೆದು ಎಸ್‌ಎಸ್‌ಡಿ ಹಾಕುವ, ಅದೇ ಕೆಲಸದ ಫಾಸ್ಟ್ ಡಿಸ್ಕು." ಬ್ಯಾಗಿನಿಂದ ಬಿಸ್ಕತ್ತಿನಷ್ಟು ದೊಡ್ಡದೊಂದನ್ನು ತೆಗೆದು ತೋರಿಸಿದ.

"ಇಷ್ಟು ಸಣ್ಣದರಿಂದ ಎಂತ ಆಗ್ತದೆ?" ಎಂದು ನಾನು ತಜ್ಞರು ನಗುವ ಹಾಗೆ ನಕ್ಕೆ. ಫ್ಯಾನು ಕೂಡ ಇಲ್ಲ.

ವಾಸಪ್ಪ ನಗಲಿಲ್ಲ. ಗಲ್ಲ ಉಜ್ಜಿಕೊಂಡ. "ಅಂದ್ರೆ ಇಂಜಿನ್ ಸರಿ ಇದೆ. ಡೀಸೆಲ್ ಬರ್ತಾ ಇಲ್ಲ. ಫಿಲ್ಟರ್ ಕಟ್ಟಿದೆ."

"ಅದೇ," ಎಂದ ಈಶಾನ.

ವಾಸಪ್ಪ ನನ್ನತ್ತ ತಿರುಗಿದ. "ಫಿಲ್ಟರ್ ಕಟ್ಟಿದ ಬಸ್ಸಿಗೆ ಹೊಸ ಇಂಜಿನ್ ಕೂರಿಸ್ಲಿಕ್ಕೆ ಹೊರಟಿದ್ಯಲ್ಲ ಮಾರಾಯ! ನಿನ್ನ ಹತ್ರ ಆಧಾರ್ ಜೆರಾಕ್ಸ್ ಮಾಡ್ಸೋಕೂ ಇನ್ನು ಹೆದರಿಕೆ."

ಭಾನುವಾರ ನಾನೂ ಹೋಗಿ ಅವನ ಹಿಂದೆ ಕೂತೆ. ಈಶಾನ ಕೂರಿಸಿಹೋದ ಬಿಸ್ಕತ್ತು ಸೋಲಲಿ ಎಂಬ ಸಣ್ಣ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ. ಚಿತ್ರ ನೀರಿನ ಹಾಗೆ ಹರಿಯಿತು. ಇನ್ನು ಗುದ್ದಿದರೆ ದೂರಲು ಕಂಪ್ಯೂಟರೂ ಇರಲಿಲ್ಲ.

ಆಟದಲ್ಲಿ ಘಾಟಿ ಬಂತು. ಇವರದು ಇಳಿಯುವ ಸಾಲು. ಕೆಳಗಿನಿಂದ ಲಾರಿಯೊಂದು ಹತ್ತಿ ಬರುತ್ತಿತ್ತು. ಅದನ್ನು ಓಡಿಸುತ್ತಿದ್ದದ್ದು ಆಟವೇ, ಮನುಷ್ಯರಲ್ಲ. ವಾಸಪ್ಪನಿಗೆ ಅದೆಲ್ಲ ಬೇಡ. ಏರು ಹತ್ತುವವನಿಗೆ ದಾರಿ ಬಿಡಬೇಕು. ಇಂಡಿಕೇಟರ್ ಹಾಕಿದ, ಎಡಕ್ಕೆ ಸರಿದ, ನಿಂತ. ಹಿಂದಿನಿಂದ ಹಾರಿಕೊಂಡು ಬಂದ ಶಿವಕಿರಣ ಧಡಾರನೆ ಗುದ್ದಿದ. ಇಬ್ಬರ ಹೆಸರಿನ ಮುಂದೂ ಒಂದೊಂದು ಆಕ್ಸಿಡೆಂಟ್ ಬಿತ್ತು. ವಾಸಪ್ಪನಿಗೆ ಮೂರನೆಯದು.

"ಅಂಕಲ್! ಘಾಟಿ ಮಧ್ಯೆ ಯಾರಾದ್ರೂ ನಿಲ್ಲಿಸ್ತಾರಾ?" ಸ್ಪೀಕರಿನೊಳಗಿಂದ ಶಿವಕಿರಣ ಕೂಗಿದ.

"ಹತ್ತುವ ಗಾಡಿಗೆ ಜಾಗ ಬಿಡ್ಬೇಕು ಅಂತ ನಿಂಗೆ ಲೈಸೆನ್ಸ್ ಕೊಟ್ಟವರು ಹೇಳ್ಲಿಲ್ವನಾ?"

"ನಂಗೆ ಲೈಸೆನ್ಸೇ ಇಲ್ಲ ಅಂಕಲ್."

ವಾಸಪ್ಪ ಎದ್ದು ನಿಂತ. "ಲೈಸೆನ್ಸ್ ಇಲ್ಲದವ ನನ್ನ ಹಿಂದೆ ಬಸ್ಸು ತಂದ್ಯಾ? ಇಳಿ! ಇಳಿ ಕೆಳಗೆ!"

"ಅವ ಎಲ್ಲಿಗೆ ಇಳಿಯೋದು?" ಒಳಗಿನಿಂದ ಸೀತಕ್ಕನ ದನಿ. "ಅವನ ಮನೇಲಿ ಅವ ಕುರ್ಚಿ ಮೇಲೆ ಕೂತಿದಾನೆ."

ಎರಡೇ ನಿಮಿಷದಲ್ಲಿ ವಾಸಪ್ಪನನ್ನು ಗುಂಪಿನಿಂದ ತೆಗೆದರು. ನಾನು ಸಮಾಧಾನದ ಮಾತು ಹುಡುಕುತ್ತಿದ್ದರೆ, ಅವನು ಈಶಾನನಿಗೆ ಫೋನು ಮಾಡಿ, ಆಗಿದ್ದನ್ನು ವಿಡಿಯೋ ಮಾಡಿ ತೆಗೆಯಲು ಬರುತ್ತದಾ ಎಂದು ಕೇಳುತ್ತಿದ್ದ.

ಸೋಮವಾರ ಆ ವಿಡಿಯೋ ಕೊಪ್ಪ ಬಸ್ ಸ್ಟ್ಯಾಂಡಿನ ಪ್ರತಿಯೊಬ್ಬ ಡ್ರೈವರನ ಮುಂದೆಯೂ ಓಡಿತು. ಟೈಮು ತಪ್ಪಿದರೆ ಒಬ್ಬರನ್ನೊಬ್ಬರು ಹರಿದು ತಿನ್ನುವ ಆ ಜನ, ಎರಡು ಬಸ್ಸು ತಡಮಾಡಿ ತೀರ್ಪು ಕೊಟ್ಟರು: ಇಂಡಿಕೇಟರ್ ಇದೆ, ಚಕ್ರ ಎಡಕ್ಕಿದೆ, ಬ್ರೇಕ್ ಲೈಟು ಉರಿದಿದೆ. ತಪ್ಪು ಹಿಂದಿನವನದು. ಮೊದಲಿನ ಎರಡೂ ಫಿಲ್ಟರಿನ ತಪ್ಪು. ವಾಸಪ್ಪನ ಹೆಸರಿಗೆ ಒಂದೂ ಇಲ್ಲ.

ಆ ದೃಶ್ಯದ ಕಲರ್ ಪ್ರಿಂಟು ತೆಗೆದು ಲ್ಯಾಮಿನೇಷನ್ ಮಾಡಿಕೊಟ್ಟವನು ನಾನೇ. ಬ್ರೇಕ್ ಲೈಟು ಸಾಕಷ್ಟು ಕೆಂಪಾಗಿಲ್ಲವೆಂದು ಎರಡು ಸಲ ತೆಗೆಸಿದ. ಈಗ ಅದು ಡ್ರೈವರುಗಳು ಟೀ ಕುಡಿಯುವ ಹೋಟೆಲಿನ ಗಲ್ಲಾದ ಮೇಲೆ ತೂಗುತ್ತಿದೆ. ಪರವೂರಿನವರು ನೋಡಿ, ಯಾರಿಗಾದರೂ ಪೆಟ್ಟಾಯಿತಾ ಎಂದು ಕೇಳುತ್ತಾರೆ.

"ಪ್ಯಾಸೆಂಜರಿಗೆ ಎಂತದೂ ಆಗ್ಲಿಲ್ಲ," ಎನ್ನುತ್ತಾನೆ ವಾಸಪ್ಪ, ಟೀ ಲೋಟ ಕೆಳಗಿಟ್ಟು.