ಕಾಕೂ ಕೂತು ನೋಡದ ಕುರ್ಚಿ

ಮೊನ್ನೆ ಪಕ್ಕದ ಮನೆಯಲ್ಲಿ ಸಾಗವಾನಿ ಹಲಗೆ ಕೊಯ್ಯುತ್ತಿದ್ದರು. ಆ ಹೊಟ್ಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಹಳಿಯಾಳದ ನಮ್ಮ ಓಣಿಯ ಕಾಕೂ ನೆನಪಾದರು...

ಅರವತ್ತರ ದಶಕದ ಮಾತು. ನಾನು ಮನೆಯ ಪಡಸಾಲೆಯಲ್ಲೇ ಬಡಿಗತನ ಶುರು ಮಾಡಿದ್ದೆ. ಕಾಕೂ ಎದುರುಮನೆಯವರು, ಭತ್ತದ ವ್ಯಾಪಾರಿಯ ಹೆಂಡತಿ. ನಾನು ಕುರ್ಚಿ ಮುಗಿಸಿದೊಡನೆ ಎಲೆಯಡಿಕೆಯ ಚೀಲ ಹಿಡಿದು ಬಂದು ಕೂತುಬಿಡುತ್ತಿದ್ದರು. ಬರೀ ಕೂರುವುದಲ್ಲ, ಹಿಂದಕ್ಕೆ ಒರಗಿ ಮುಂದಿನ ಕಾಲೆರಡನ್ನೂ ಎತ್ತುವರು, ಒಂದೇ ಮಗ್ಗುಲಿಗೆ ಭಾರ ಹಾಕುವರು, ಕೊನೆಗೆ ಮೇಲೆ ಹತ್ತಿ ನಿಲ್ಲುವರು.

“ಕುರ್ಚಿ ಇರೂದು ಕೂಡಾಕ್ರಿ, ಕಾಕೂ,” ಎಂದರೆ, “ಮಂದಿ ಹತ್ತತಾರ, ಒರಗತಾರ, ಎಳದಾಡತಾರ. ನೀ ಮಾಡಿದಾಂವ, ಎಲ್ಲಿ ಭಾರ ಹಾಕಬಾರದು ನಿನಗ ಗೊತ್ತೈತಿ. ಅವರಿಗೆ ಗೊತ್ತಿರತೈತೇನು?” ಎನ್ನುವರು.

ಏನಾದರೊಂದು ಐಬು ಸಿಕ್ಕೇ ಸಿಗುತ್ತಿತ್ತು. ನನಗೆ ಮೈಯೆಲ್ಲ ಉರಿ. ಒಂದು ದಿನ ಗಿರಾಕಿಯ ಎದುರೇ ಐಬು ತೆಗೆದರು. “ಇನ್ನ ಮ್ಯಾಲ ನನ್ನ ಕೆಲಸ ನಾನ ನೋಡಕೋತೇನ್ರಿ,” ಎಂದು ಒರಟಾಗಿ ಹೇಳಿಬಿಟ್ಟೆ. ಅವರು ಚೀಲ ಎತ್ತಿಕೊಂಡು ಹೋದರು, ಮತ್ತೆ ಇತ್ತ ಬರಲಿಲ್ಲ.

ಮುಂದಿನ ವಾರವೇ ನನ್ನನ್ನು ನೋಡಲು ಮುಂಡಗೋಡದಿಂದ ಹೆಣ್ಣಿನ ತಂದೆ ಬರುವವರಿದ್ದರು. ಅವರಿಗೆಂದೇ ಹೊಸ ಕುರ್ಚಿ ಮಾಡಿದೆ. ಮೆತ್ತಗೆ ಕೂತು ನೋಡಿದೆ, ಗಟ್ಟಿಯಿತ್ತು. ಬಂದವರು ದಢೂತಿ ಆಳು. ಬಸ್ಸಿನ ದಣಿವಿಗೆ, ಚಹಾದ ಕಪ್ಪು-ಬಸಿ ಹಿಡಿದೇ ಆರಾಮವಾಗಿ ಹಿಂದಕ್ಕೆ ಒರಗಿದರು... ಹಿಂದಿನ ಕಾಲು ಕಿತ್ತು ಬಂತು. ಕಪ್ಪು-ಬಸಿ ಸಮೇತ ನೆಲಕ್ಕೆ ಉರುಳಿದರು.

ಸದ್ದಿಗೆ ಕಾಕೂ ಓಡಿಬಂದರು. ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡೇ ಮುರಿದ ಕಾಲನ್ನು ಎತ್ತಿ ನೋಡಿದರು. “ಹಸೀ ಕಟ್ಟಿಗಿ. ನಿನ್ನೆ ನಾ ಕೂತಿದ್ರ ಆವಾಗನ ಮುರೀತಿತ್ತು.”

ಹೆಣ್ಣಿನ ತಂದೆ ರುಮಾಲು ಸರಿಮಾಡಿಕೊಂಡು ಎದ್ದರು. ನನ್ನ ಕಡೆ ನೋಡಲೂ ಇಲ್ಲ. “ಅಕ್ಕಾರ, ನೀವು ಖರೇ ಹೇಳವರು ಕಾಣ್ತೀರಿ. ಹುಡುಗ ಹೆಂಗದಾನ್ರಿ?” ಎಂದು ಕಾಕೂರನ್ನೇ ಕೇಳಿದರು.

ನಾನು ಬಗ್ಗಿ ಕಪ್ಪು-ಬಸಿಯ ಚೂರು ಆರಿಸತೊಡಗಿದೆ.

“ಸಿಟ್ಟು ಭಾಳ್ರಿ. ಗೊರಕಿ ನಮ್ಮ ಮನೀಗೂ ಕೇಳತೈತಿ. ತಪ್ಪು ತೋರಿಸಿದ್ರ ಮೂರು ದಿನಾ ಮಾತಾಡಂಗಿಲ್ಲ,” ಎಂದು ಕಾಕೂ ಮುರಿದ ಕಾಲನ್ನು ನನ್ನ ಮುಂದೆ ಇಟ್ಟರು. “ಆದರ ನಾಕನೇ ದಿನಾ ಗಪ್ಪನ ಕೂತು ತಿದ್ದತಾನ. ಮಗಳನ್ನ ಕೊಡ್ರಿ.”

ಕೊಟ್ಟರು. ಮದುವೆಗೆಂದು ನಾನು ಮಾಡಿದ ಮಂಚದ ಮೇಲೆ ಕಾಕೂ ಓಣಿಯ ಹೆಂಗಸರನ್ನೆಲ್ಲ ಹತ್ತಿಸಿ ಕೂರಿಸಿದರು. ನಾನು ಉಳಿ ಹಿಡಿದು ಪಕ್ಕದಲ್ಲೇ ನಿಂತಿದ್ದೆ.

ಅವರು ತೀರಿಕೊಂಡು ಎಷ್ಟೋ ವರ್ಷಗಳಾದವು. ಈಗ ನಾನು ಏನು ಮಾಡಿ ತೋರಿಸಿದರೂ ಮೊಮ್ಮಕ್ಕಳು “ಛಲೋ ಆಗೇತಿ ಅಜ್ಜಾ” ಅನ್ನುತ್ತಾರೆ. ಮುಟ್ಟಿ ಕೂಡ ನೋಡುವುದಿಲ್ಲ...